ಚಳಿಗಾಲದ ಬ್ಯಾಟರಿ

ಮಿನ್ನೆಸೋಟಾದಲ್ಲಿ ಅಕ್ಟೋಬರ್ ಬಂತೆಂದರೆ ಆರ್‌ವಿಗಳು ಮನೆಯಂಗಳ ಸೇರುತ್ತವೆ. ಮಂಚ, ಸಣ್ಣ ಒಲೆ, ಫ್ರಿಜ್ಜು, ಬಚ್ಚಲು ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಟ್ರಕ್ಕಿನ ಹಿಂದೆ ಊರೂರು ಸುತ್ತುವ ಈ ಮನೆಗಾಡಿಗಳಿಗೆ ಮುಂದಿನ ಆರೇಳು ತಿಂಗಳು ಕೆಲಸವಿಲ್ಲ. ಪೈಪುಗಳ ನೀರು ಬಸಿದು, ಮೇಲೊಂದು ಟಾರ್ಪಾಲು ಹೊದಿಸಿದರೆ ಮುಗಿಯಿತು ಎನ್ನಿಸಬಹುದು. ಬ್ಯಾಟರಿಯನ್ನು ಮಾತ್ರ ಹಾಗೆ ಬಿಟ್ಟು ಒಳಗೆ ಹೋಗುವಂತಿಲ್ಲ.

ನಾನು ಬಾಡಿಗೆಗಿರುವ ಮನೆಯ ಯಜಮಾನರಿಗೆ 76 ವರ್ಷ. ಹೆಸರು ಹಿಡಿದು ಕರೆಯುವುದು ಇಲ್ಲಿನ ರೂಢಿ. ನಾಲ್ಕು ವರ್ಷವಾದರೂ ನನ್ನ ಬಾಯಿಗೆ ಅದು ಬಂದಿಲ್ಲ. ಹೋದ ಮಾರ್ಚ್‌ನಲ್ಲಿ ಅವರ ಹೆಂಡತಿ ತೀರಿಕೊಂಡರು. ಮೇ ತಿಂಗಳಲ್ಲಿ ಅಭ್ಯಾಸದಂತೆ ಗಾಡಿಗೆ ಬ್ಯಾಟರಿ ಕೂರಿಸಿದರು, ಗಾಡಿ ಕದಲಲಿಲ್ಲ. ಮಾರಿಬಿಡಿ ಎಂದು ಮಗಳು ಹೇಳುತ್ತಲೇ ಇದ್ದಾರೆ. ಇವರು ಹೂಂ ಎನ್ನುವುದಿಲ್ಲ, ಉಹೂಂ ಎನ್ನುವುದಿಲ್ಲ. ಆಯುಧಪೂಜೆ ಕಳೆದ ವಾರ ನನ್ನ ಬಾಗಿಲು ತಟ್ಟಿ, "ಬ್ಯಾಟರಿ ಎರಡನ್ನೂ ಇಳಿಸಿಕೊಡುತ್ತೀಯಾ? ನನ್ನ ಬೆನ್ನು ಕೇಳುವುದಿಲ್ಲ" ಎಂದರು.

ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ರೂಪಿಸಿದ ಲೆಡ್-ಆಸಿಡ್ ಬ್ಯಾಟರಿಯ ವಂಶದವು ಇವು. ನಮ್ಮೂರಿನ ಮನೆಗಳಲ್ಲಿ ಯುಪಿಎಸ್ ಕೆಳಗೆ ಕೂತಿರುವುದೂ ಇದೇ ಕುಲದ್ದು. ಅಪ್ಪ ಡಿಸ್ಟಿಲ್ಡ್ ವಾಟರ್ ತಂದು ಅದರ ಮುಚ್ಚಳ ತೆಗೆದು ಹುಯ್ಯುತ್ತಿದ್ದುದನ್ನು ನೋಡಿ ಬೆಳೆದವರಿಗೆ ಈ ಕೆಲಸ ಹೊಸದಲ್ಲ. ಹೊಸದು ಇಲ್ಲಿನ ಚಳಿ.

ಬಳಸದಿದ್ದರೆ ಚಾರ್ಜ್ ಉಳಿಯುತ್ತದೆ ಎಂಬುದು ಸಹಜವಾದ ಎಣಿಕೆ. ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಯನ್ನು ಮಾಡಿದವರು ಬ್ಯಾಟರಿ ಕಂಡಿರಲಿಲ್ಲ, ಆದರೂ ಸರಿಯಾಗಿಯೇ ಹೇಳಿದ್ದಾರೆ. ಸುಮ್ಮನೆ ಕೂತ ಬ್ಯಾಟರಿ ತನ್ನೊಳಗೇ ಪ್ರತಿ ತಿಂಗಳು ಒಂದಿಷ್ಟು ಕಳೆದುಕೊಳ್ಳುತ್ತದೆ. ಗಾಡಿಯಲ್ಲೇ ಬಿಟ್ಟರೆ ಗ್ಯಾಸ್ ಸೋರಿಕೆ ಪತ್ತೆಮಾಡುವ ಯಂತ್ರ, ರೇಡಿಯೋದ ಗಡಿಯಾರ ಇಂಥವು ಹಗಲೂ ರಾತ್ರಿ ಹೀರುತ್ತಿರುತ್ತವೆ. ಚಾರ್ಜ್ ಇಳಿದಂತೆ ಸೀಸದ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ; ಬಹುಕಾಲ ಹಾಗೇ ಬಿಟ್ಟರೆ ಅದರ ಹರಳುಗಳು ಗಟ್ಟಿಯಾಗಿ ಮತ್ತೆ ಕರಗದಂತಾಗುತ್ತವೆ. ಜೊತೆಗೆ ಒಳಗಿನ ಆಸಿಡ್ ತೆಳುವಾಗಿ ನೀರಿನ ಹತ್ತಿರ ಬರುತ್ತದೆ. ತುಂಬಿದ ಬ್ಯಾಟರಿ ಮೈನಸ್ 50 ಡಿಗ್ರಿಗೂ ಹೆಪ್ಪುಗಟ್ಟದು. ಬರಿದಾದದ್ದಕ್ಕೆ ಮೈನಸ್ 10ರ ಚಳಿಯೇ ಸಾಕು; ಒಳಗೆ ಹಿಗ್ಗಿದ ಮಂಜುಗಡ್ಡೆ ಪೆಟ್ಟಿಗೆಯನ್ನೇ ಸೀಳಬಹುದು. ಜನವರಿಯಲ್ಲಿ ಇಲ್ಲಿ ಮೈನಸ್ 20 ಮಾಮೂಲು.

ಇಳಿಸುವುದಕ್ಕೊಂದು ಕ್ರಮವಿದೆ. ಮೊದಲು ನೆಗೆಟಿವ್ ತಂತಿ, ಆಮೇಲೆ ಪಾಸಿಟಿವ್; ಮರಳಿ ಜೋಡಿಸುವಾಗ ನೆಗೆಟಿವ್ ಕೊನೆಗೆ. ಕೈಗವಸು, ಕನ್ನಡಕ ಹಾಕಿಕೊಂಡು, 25 ಕಿಲೋ ಹತ್ತಿರ ತೂಗುವ ಒಂದೊಂದನ್ನೂ ಗ್ಯಾರೇಜಿಗೆ ಹೊತ್ತೆ. ಟರ್ಮಿನಲ್‌ಗೆ ಹಿಡಿದ ಕಿಲುಬನ್ನು ಅಡುಗೆ ಸೋಡಾ ಕಲಸಿದ ನೀರಲ್ಲಿ ಉಜ್ಜಿದೆವು. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುವುದರಿಂದ ಬಾಗಿಲು ಸ್ವಲ್ಪ ತೆರೆದೇ ಇಟ್ಟೆವು. ಡಿಸ್ಟಿಲ್ಡ್ ವಾಟರ್ ಹುಯ್ದದ್ದು ಪೂರ್ತಿ ಚಾರ್ಜ್ ಆದ ಮೇಲೆ. ಮೊದಲೇ ತುಂಬಿಸಿದರೆ ಆಸಿಡ್ ಉಕ್ಕುತ್ತದೆ.

ಸಿಮೆಂಟ್ ನೆಲದ ಮೇಲಿಟ್ಟರೆ ಚಾರ್ಜ್ ಇಳಿಯುತ್ತದೆಂದು ಯಜಮಾನರು ಹಲಗೆ ಹಾಸಿದರು. ಪೆಟ್ಟಿಗೆ ಮರದ್ದೋ ರಬ್ಬರಿನದೋ ಇದ್ದ ಕಾಲದ ಎಚ್ಚರಿಕೆ ಅದು. ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಗೆ ಬೇಕಿಲ್ಲ. ನಾನು ಹೇಳಲಿಲ್ಲ. ಹಲಗೆಯನ್ನು ಅಳತೆಗೆ ಕುಯ್ದಿಟ್ಟವರು ಅವರ ಹೆಂಡತಿ.

ಗೋಡೆಗೆ ಅಂಟಿಸಿದ ಹಾಳೆಯೂ ಆಕೆಯದೇ. ಪ್ರತಿ ಚಳಿಗಾಲ, ತಿಂಗಳಿಗೊಂದು ಸಾಲು: ತಾರೀಖು, ಎರಡು ಬ್ಯಾಟರಿಗಳ ವೋಲ್ಟೇಜ್. ತುಂಬಿ ವಿಶ್ರಮಿಸಿದ ಬ್ಯಾಟರಿ 12.6 ತೋರಿಸಬೇಕು, 12.4ಕ್ಕಿಂತ ಇಳಿದರೆ ಚಾರ್ಜಿಗೆ ಹಾಕಬೇಕು. ಹೋದ ಫೆಬ್ರವರಿಗೆ ಆ ದುಂಡನೆಯ ಅಕ್ಷರ ನಿಂತಿದೆ. ಅದರ ಕೆಳಗೆ ಈಗ ನನ್ನ ಅಕ್ಷರ. ತಾನೇ ಚಾರ್ಜ್ ಕಾಯ್ದುಕೊಳ್ಳುವ ಚಾರ್ಜರ್ ಒಂದು ಕಪಾಟಿನಲ್ಲಿದೆ. ಯಜಮಾನರು ಅದನ್ನು ಹಚ್ಚುವುದಿಲ್ಲ. ತಿಂಗಳಿಗೊಮ್ಮೆ ಬಂದು ನೋಡಿದರೆ ಸಾಕು ಎನ್ನುತ್ತಾರೆ.

ಮಾರುವುದೋ ಬಿಡುವುದೋ ಗೊತ್ತಿಲ್ಲದಿರುವಾಗ ಇಷ್ಟು ಉಪಚಾರ ಏಕೆ ಎಂದು ಡಿಸೆಂಬರಿನಲ್ಲಿ ಕೇಳಿದೆ. ಮೀಟರಿನಿಂದ ಕಣ್ಣೆತ್ತದೆ, "ತೀರ್ಮಾನ ನಾನು ಮಾಡಬೇಕು, ಚಳಿ ಮಾಡಬಾರದು" ಎಂದರು.

ಸಂಶೋಧನೆಯಲ್ಲಿರುವವರಿಗೆ ಈ ಮಾತು ಬೇಗ ತಾಕುತ್ತದೆ. ನನ್ನ ಜೊತೆ ಪಿಎಚ್‌ಡಿಗೆ ಸೇರಿದ ಗೆಳತಿಯೊಬ್ಬಳು ಅಮ್ಮನ ಕಾಯಿಲೆಗೆಂದು ರಜೆ ಹಾಕಿ ಹಾಸನದ ಕಡೆಯ ತನ್ನೂರಿಗೆ ಹೋಗಿದ್ದಾಳೆ. ಮರಳುತ್ತಾಳೋ ಇಲ್ಲವೋ ಅವಳಿಗೇ ತಿಳಿಯದು. ಆದರೂ ತಿಂಗಳಿಗೊಂದು ಲೇಖನ ಓದಿ, ನಾಲ್ಕು ಸಾಲು ಟಿಪ್ಪಣಿ ಬರೆದು ನನಗೆ ಕಳಿಸುತ್ತಾಳೆ. ಅದರಿಂದ ಥೀಸಿಸ್ ಮುಂದೆ ಹೋಗುವುದಿಲ್ಲ. ಹೆಪ್ಪುಗಟ್ಟುವುದೂ ಇಲ್ಲ. ಇನ್ನೂ ಗೊತ್ತಿಲ್ಲ ಎಂದು ಹೇಳುವ ಹಕ್ಕು ಉಳಿಯಬೇಕಾದರೂ ಒಳಗೆ ಒಂದಿಷ್ಟು ಚಾರ್ಜ್ ಇರಬೇಕಾಗುತ್ತದೆ. ಕೈಬಿಟ್ಟದ್ದು ಒಂದು ದಿನ ತಾನಾಗಿ ತೀರ್ಮಾನವಾಗಿಬಿಡುತ್ತದೆ, ಯಾರೂ ಮಾಡದೆ.

ಈ ಫೆಬ್ರವರಿಯ ಸಾಲನ್ನು ಹೋದ ಭಾನುವಾರ ತುಂಬಿಸಿದೆವು. ಯಜಮಾನರು ಮೀಟರ್ ಹಿಡಿದು ಓದಿದರು, ನಾನು ಬರೆದೆ. ಒಂದು 12.6. ಇನ್ನೊಂದು 12.3. "ಇದಕ್ಕೂ ವಯಸ್ಸಾಯಿತು" ಎಂದು ನಕ್ಕು ಚಾರ್ಜರಿನ ಕ್ಲಿಪ್ಪುಗಳನ್ನು ನನ್ನ ಕೈಗಿತ್ತರು. ಹಾಳೆಯಲ್ಲಿ ಇನ್ನೆರಡು ಸಾಲು ಖಾಲಿ ಇವೆ, ಮಾರ್ಚ್‌ದೊಂದು, ಏಪ್ರಿಲ್‌ದೊಂದು. ಮೇ ಹೊತ್ತಿಗೆ ಆ ಗಾಡಿ ಯಾರ ಟ್ರಕ್ಕಿನ ಹಿಂದೆ ಹೊರಡುತ್ತದೋ ತಿಳಿಯದು. ಹೊರಡುವ ಸ್ಥಿತಿಯಲ್ಲಂತೂ ಇರುತ್ತದೆ.