ಬೀಡು ಬಿಡುವ ಮುನ್ನ

‘ಬಿಡು’ ಎಂಬ ಕ್ರಿಯಾಪದದಿಂದ ‘ಬೀಡು’ ಹುಟ್ಟಿತು. ‘ಬಿಡಾರ’ವೂ ಅದೇ ಬಳಗದ ಮಾತು. ಸೇನೆ ಬೀಡು ಬಿಟ್ಟಿತು, ಜಾತ್ರೆಯ ಜನ ಬಿಡಾರ ಹೂಡಿದರು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದನ್ನೇ ಇಂದಿನ ತರುಣರು ‘ಕ್ಯಾಂಪಿಂಗ್’ ಎನ್ನುತ್ತಾರೆ. ಹೆಸರು ಹೊಸದು, ಕೆಲಸ ಹಳೆಯದು. ನೆಲದ ಮೇಲೆ ಮಲಗುವುದು, ನೀರನ್ನು ಅಳೆದು ಬಳಸುವುದು, ಕತ್ತಲನ್ನು ಸಹಿಸುವುದು ಅಂದಿನವರಿಗೆ ನಿತ್ಯಜೀವನವೇ ಕಲಿಸಿದ ವಿದ್ಯೆಗಳಾಗಿದ್ದವು. ಇಂದಿನ ಮಕ್ಕಳು ಅವನ್ನು ಬೇರೆಯಾಗಿ ಕಲಿಯಬೇಕಾಗಿದೆ. ಮೊದಲ ಸಲ ಡೇರೆ ಹಾಕಲು ಹೊರಡುವ ಮನೆತನಗಳಿಗೆ ಉಪಯೋಗವಾದೀತೆಂದು, ನಾವು ಕಂಡುಕೊಂಡ ಕೆಲವು ಸಂಗತಿಗಳನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

2025ರ ಬೇಸಿಗೆಯಲ್ಲಿ ಧಾರವಾಡದ ಕಡೆಯ ನಾಲ್ಕು ಪರಿಚಿತ ಮನೆತನದವರು ಮಕ್ಕಳೊಡನೆ ಮಲೆನಾಡಿನಲ್ಲಿ ಎರಡು ರಾತ್ರಿ ಡೇರೆಯಲ್ಲಿ ತಂಗುವ ಆಲೋಚನೆ ಮಾಡಿ, ನಮ್ಮನ್ನೂ ಜೊತೆಗೆ ಕರೆದರು. ಅವರಲ್ಲಿ ಯಾರೂ ಹಿಂದೆ ಡೇರೆಯಲ್ಲಿ ಮಲಗಿದವರಲ್ಲ. ಮಾತು ನಡೆದಿರುವಾಗ ಮನೆಯ ಹಿರಿಯ ತಾಯಿಯೊಬ್ಬರು, “ಗಟ್ಟಿ ಮನಿ ಬಿಟ್ಟು ಅಡವ್ಯಾಗ ಮಲಗೂದು ಯಾವ ಸುಖಕ್ಕರೀ, ಶಾಸ್ತ್ರಿಗಳ? ಹನ್ನೆರಡು ವರ್ಷದ ಹೆಣ್ಣುಕೂಸು ಐತಿ. ರಾತ್ರಿ ಹಾವು ಬಂದರ ಯಾರು ಜವಾಬ್ದಾರಿ?” ಎಂದು ಕೇಳಿದರು. ಕೆಲವರು ನಕ್ಕರು. ನಮಗೆ ನಗು ಬರಲಿಲ್ಲ. ಆ ತಾಯಿ ಕೇಳಿದ್ದು ಅಂಜುಬುರುಕುತನದ ಮಾತಲ್ಲ. ಸಿದ್ಧತೆಯೆಂಬುದು ಆರಂಭವಾಗಬೇಕಾದ ಪ್ರಶ್ನೆಯೇ ಅದು. ಅದಕ್ಕೆ ಉತ್ತರ ಹೇಳಲಾಗದವರು ಮಕ್ಕಳನ್ನು ಕರೆದುಕೊಂಡು ಹೊರಡಬಾರದು.

ಮೊದಲು ಸ್ಥಳ. ಸಾಗರ ತಾಲ್ಲೂಕಿನಲ್ಲಿ, ಶರಾವತಿಯ ಹಿನ್ನೀರಿಗೆ ಸಮೀಪವಿರುವ ಅಡಿಕೆ ತೋಟವೊಂದರ ಒಡೆಯರು ನಮಗೆ ಬಲ್ಲವರು. ತೋಟದ ಮೇಲಣ ಬಯಲಿನಲ್ಲಿ ಡೇರೆ ಹಾಕಲು ಅವರು ಸಂತೋಷದಿಂದ ಒಪ್ಪಿದರು. ಕಾಡಿನೊಳಗೆ ಹೋಗೋಣವೆಂಬ ತರುಣರ ಆಸೆಯನ್ನು ನಾವು ಒಪ್ಪಲಿಲ್ಲ. ಆ ಸೀಮೆಯಲ್ಲಿ ಅಭಯಾರಣ್ಯವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಮತಿಯಿಲ್ಲದೆ ಅಭಯಾರಣ್ಯವನ್ನು ಪ್ರವೇಶಿಸುವುದು ಅಪರಾಧ. ಬಲ್ಲವರ ಸ್ವಂತ ಭೂಮಿ, ಕೂಗಿದರೆ ಕೇಳುವಷ್ಟು ದೂರದಲ್ಲಿ ಒಂದು ಮನೆ, ಇವೆರಡೂ ಇರುವ ಸ್ಥಳವೇ ಮೊದಲ ಬಿಡಾರಕ್ಕೆ ಯೋಗ್ಯವಾದುದು.

ಎರಡನೆಯದು ಕಾಲ. ಶಾಲೆಯ ಅನುಕೂಲ ನೋಡಿ ಎಲ್ಲರೂ ಜನವರಿ ಎಂದರು. ತೋಟದ ಒಡೆಯರು ಬೇಡವೆಂದರು. ಕಾರಣ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯ ಪ್ರದೇಶದಲ್ಲಿ ಮೊದಲು ಗುರುತಿಸಲಾದ ಈ ಜ್ವರವು 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಹಲವರ ಪ್ರಾಣವನ್ನು ತೆಗೆದುಕೊಂಡಿತು. ಇದನ್ನು ಹರಡುವುದು ಉಣ್ಣೆ. ಮಲೆನಾಡಿನವರು ಅದನ್ನು ಉಣುಗು ಎನ್ನುತ್ತಾರೆ. ಸಾಮಾನ್ಯವಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ ಬಯಲುಸೀಮೆಯವರು ಮಲೆನಾಡನ್ನು ನೋಡಲು ಬಯಸುವ ಒಣ ಹವೆಯಲ್ಲೇ, ಇದರ ಕಾಟ ಹೆಚ್ಚು. ಮನುಷ್ಯರಿಂದ ಮನುಷ್ಯರಿಗೆ ಇದು ಹರಡದು. ಆದರೆ ರೋಗವನ್ನು ನೇರವಾಗಿ ಗುಣಪಡಿಸುವ ಔಷಧವಿಲ್ಲ. ಲಕ್ಷಣಗಳಿಗೆ ತಕ್ಕ ಚಿಕಿತ್ಸೆಯನ್ನು ಬೇಗ ಕೊಡಿಸುವುದೊಂದೇ ದಾರಿ. ಆದ್ದರಿಂದ ಪ್ರವಾಸವನ್ನು ನವೆಂಬರ್ ಮೊದಲ ವಾರಕ್ಕೆ ಹಿಂದಕ್ಕೆ ತಂದೆವು. ಆಗಲೂ ತುಂಬುತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಷರಾಯಿ, ಉದುರೆಲೆಗಳ ಮೇಲೆ ಕೂಡದಿರುವುದು, ಸಂಜೆ ಬಿಸಿನೀರಿನ ಸ್ನಾನದ ಹೊತ್ತಿನಲ್ಲಿ ಮೈಯನ್ನು ಪರೀಕ್ಷಿಸಿಕೊಳ್ಳುವುದು, ಇವು ಎಲ್ಲರಿಗೂ ಕಡ್ಡಾಯವೆಂದು ಗೊತ್ತುಪಡಿಸಿದೆವು. ಸತ್ತ ಮಂಗ ಕಣ್ಣಿಗೆ ಬಿದ್ದರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಊರಿಗೆ ಮರಳಿದ ಮೇಲೆ ಜ್ವರ ಕಾಣಿಸಿಕೊಂಡರೆ ಮಲೆನಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.

ಮೂರನೆಯದು ಅಭ್ಯಾಸ. ಹೊರಡುವುದಕ್ಕೆ ಎರಡು ವಾರ ಮುಂಚೆ ಮನೆಯ ಹಿತ್ತಲಿನಲ್ಲಿ ಡೇರೆ ಹಾಕಿಸಿ, ಒಂದು ಪೂರ್ಣ ರಾತ್ರಿ ಎಲ್ಲರೂ ಅದರಲ್ಲೇ ಮಲಗುವಂತೆ ಮಾಡಿದೆವು. ಗೂಟವನ್ನು ಹೊರಗಡೆಗೆ ಓರೆಯಾಗಿಸಿ ಬಡಿಯದಿದ್ದರೆ ಹಗ್ಗ ಅದನ್ನು ಕಿತ್ತುಹಾಕುತ್ತದೆಂದು ಮಕ್ಕಳು ಕೈಯಿಂದಲೇ ಕಲಿತರು. ಗಾಳಿಕಿಂಡಿಗಳನ್ನು ಮುಚ್ಚಿದರೆ ಮಲಗಿದವರ ಉಸಿರೇ ನೀರಾಗಿ ಬಟ್ಟೆಯ ಒಳಮೈಯಿಂದ ತೊಟ್ಟಿಕ್ಕುತ್ತದೆಂಬುದು ಬೆಳಗಿನ ಜಾವಕ್ಕೆ ತಿಳಿಯಿತು. ಇನ್ನೊಂದು ಪಾಠವೂ ಆಯಿತು. ಮೈಯ ಶಾಖವನ್ನು ಗಾಳಿಗಿಂತ ಹೆಚ್ಚಾಗಿ ನೆಲ ಹೀರುತ್ತದೆ. ಆದ್ದರಿಂದ ಹೊದೆಯುವುದಕ್ಕಿಂತ ಹಾಸುವುದು ದಪ್ಪವಾಗಿರಬೇಕು. ನಮ್ಮ ಅಜ್ಜಿಯರು ಹೊಲಿದ ಕೌದಿಗಿಂತ ಒಳ್ಳೆಯ ಹಾಸಿಗೆ ಬೇಕಿಲ್ಲ. ಅದು ಒದ್ದೆಯಾಗದಂತೆ ಕಾಯುವುದಷ್ಟೇ ಕಷ್ಟ.

ಸಾಮಾನಿನ ವಿಷಯದಲ್ಲಿ ‘ಬಿಡು’ ಎಂಬ ಮೂಲಾರ್ಥವೇ ನಮಗೆ ಗುರುವಾಯಿತು. ತರಬೇಕಾದುದರ ಪಟ್ಟಿಯ ಜೊತೆಗೆ ಬಿಟ್ಟುಬರಬೇಕಾದುದರ ಪಟ್ಟಿಯನ್ನೂ ಬರೆಯಲು ಹೇಳಿದೆವು. ಹಾಡು ಮೊಳಗಿಸುವ ಪೆಟ್ಟಿಗೆ, ಬಾಡಿಗೆಯ ಮಂಚ, ದೊಡ್ಡ ಒಲೆ ಎಲ್ಲವೂ ಎರಡನೆಯ ಪಟ್ಟಿಗೆ ಹೋದವು. ಟಾರ್ಚು ಮಾತ್ರ ತಲೆಗೊಂದರಂತೆ ಇರಲೇಬೇಕು. ಪ್ರಶ್ನೆ ಕೇಳಿದ್ದ ಆ ತಾಯಿಯೇ ಅಡುಗೆಯ ಹೊಣೆ ಹೊತ್ತು, ಕಟಕ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಮಾದಲಿಗಳ ಬುತ್ತಿ ಕಟ್ಟಿದರು. ಇವು ದಿನಗಟ್ಟಲೆ ಕೆಡುವುದಿಲ್ಲ, ಒಲೆಯನ್ನೂ ಬೇಡುವುದಿಲ್ಲ. ಬೆಂಕಿ ಹಚ್ಚುವ ಅಗತ್ಯವಿಲ್ಲದ ಊಟವೇ ಕಾಡಿನ ಅಂಚಿನಲ್ಲಿ ಉತ್ತಮವಾದ ಊಟ. ಕುಡಿಯುವ ನೀರನ್ನು ತೋಟದ ಮನೆಯಲ್ಲಿ ಕುದಿಸಿಕೊಳ್ಳುವುದೆಂದಾಯಿತು. ಪ್ರಾತಃಕಾಲದ ಸ್ನಾನ-ಪೂಜೆಗಳಿಗೂ ಅಲ್ಲಿಯೇ ಅನುಕೂಲವಾಯಿತು.

ಇನ್ನು ಹಾವಿನ ಮಾತು. ನೆಲದ ಮೇಲೆ ಮಲಗಿದವರಿಗೆ ದೊಡ್ಡ ಅಪಾಯವೆಂದರೆ ಕಟ್ಟುಹಾವು. ಅದು ರಾತ್ರಿ ಸಂಚರಿಸುತ್ತದೆ. ಕಡಿದರೆ ನೋವು ಅಲ್ಪವಾದ್ದರಿಂದ ನಿದ್ರೆಯಲ್ಲಿದ್ದವರಿಗೆ ತಿಳಿಯದೆಯೂ ಹೋಗಬಹುದು. ತಳವನ್ನು ಕೂಡಿಸಿ ಹೊಲಿದಿರುವ, ಜಿಪ್ಪನ್ನು ಸದಾ ಮುಚ್ಚಿಟ್ಟಿರುವ ಡೇರೆ ಒಳ್ಳೆಯ ರಕ್ಷಣೆ. ಟಾರ್ಚಿಲ್ಲದೆ ಕಾಲಿಡಬಾರದು, ಕೊಡವದೆ ಬೂಟು ತೊಡಬಾರದು. ಕಡಿತವಾದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಮೂರೂ ಹಾನಿಕರ. ಕಡಿದ ಅಂಗವನ್ನು ಅಲುಗಾಡಿಸದೆ, ಪ್ರತಿವಿಷದ ಔಷಧವಿರುವ ಆಸ್ಪತ್ರೆಗೆ ಕೂಡಲೇ ಸಾಗಿಸಬೇಕು. ಹಾವಿನ ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕೆಂದು ಕರ್ನಾಟಕವು 2024ರಲ್ಲಿ ಆಜ್ಞೆ ಹೊರಡಿಸಿದೆ. ಇದರಿಂದಲೇ ವಿಷಯದ ಗುರುತರತೆ ತಿಳಿದೀತು. ಔಷಧ ಯಾವ ಆಸ್ಪತ್ರೆಯಲ್ಲಿದೆ, ರಾತ್ರಿ ವಾಹನ ಯಾರದು, ಮೊಬೈಲಿಗೆ ಸಂಕೇತ ಎಲ್ಲಿ ಸಿಗುತ್ತದೆ ಎಂಬ ಮೂರನ್ನೂ ಮೊದಲೇ ವಿಚಾರಿಸಿ, ಒಂದು ಹಾಳೆಯಲ್ಲಿ ಬರೆದು ಆ ತಾಯಿಯ ಕೈಗೇ ಕೊಟ್ಟೆವು. ಅವರು ಅದನ್ನು ಎರಡು ಸಲ ಓದಿ ಮಡಿಚಿಟ್ಟುಕೊಂಡು, “ಹಂಗಾದರ ನಾನೂ ಬರ್ತೀನಿ” ಎಂದರು.

ಅಲ್ಲಿಗೆ ಹೋದ ಮೇಲೆ ಡೇರೆಗೆ ಸ್ಥಳ ಆರಿಸುವುದಕ್ಕೇ ಅರ್ಧ ಗಂಟೆ ಹಿಡಿಯಿತು. ತಗ್ಗಿನಲ್ಲಿ ಮಳೆನೀರು ನಿಲ್ಲುತ್ತದೆ. ಒಣಕೊಂಬೆಯ ಕೆಳಗೆ ಮಲಗುವುದು ಸಲ್ಲದು. ಅಡಿಕೆ ಮರದಡಿಯಲ್ಲಿ ಸೋಗೆ ಬೀಳುವ ಭಯ. ಹೆಣ್ಣುಮಕ್ಕಳು ರಾತ್ರಿ ಹೊರಗೆ ಹೋಗಬೇಕಾದರೆ ತೋಟದ ಮನೆಯ ಶೌಚಗೃಹಕ್ಕೆ ಇಬ್ಬಿಬ್ಬರಾಗಿ ಹೋಗುವ ದಾರಿಯನ್ನು ಬೆಳಕಿರುವಾಗಲೇ ನಡೆದು ನೋಡಿಸಿದೆವು. ಈ ಮಾತನ್ನು ಸಂಕೋಚದಿಂದ ಮುಚ್ಚಿಡುವುದರಿಂದಲೇ ಎಷ್ಟೋ ಮನೆಯ ಹೆಣ್ಣುಮಕ್ಕಳು ಇಂಥ ಪ್ರವಾಸಗಳಿಂದ ಹೊರಗುಳಿಯುತ್ತಾರೆ.

ಸಂಜೆ ತೋಟದ ಒಡೆಯರು ಹಿನ್ನೀರಿನತ್ತ ಕೈದೋರಿ, ತಮ್ಮ ತಂದೆ ಹುಟ್ಟಿದ ಮನೆ ಆ ನೀರಿನ ಕೆಳಗಿದೆ ಎಂದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಎಷ್ಟೋ ಹಳ್ಳಿಗಳು ಮುಳುಗಿದವು. ಆಚೆಯ ದಡದವರು ಅರುವತ್ತು ವರ್ಷ ಲಾಂಚನ್ನೇ ನಂಬಿ ಬದುಕಿದರು. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ನಾವು ಎರಡು ರಾತ್ರಿಗೆಂದು ಮನೆ ಬಿಟ್ಟು ಬಂದಿದ್ದೆವು. ಅವರು ಮರಳಲಾರದಂತೆ ಬಿಟ್ಟುಹೋಗಿದ್ದರು. ಗದ್ದಲವೆಬ್ಬಿಸುತ್ತಿದ್ದ ಮಕ್ಕಳು ಅದನ್ನು ಕೇಳಿ ಸುಮ್ಮನಾದರು. ಆ ದಂಡೆಯಲ್ಲಿ ಒಂದು ಕಾಗದದ ಚೂರನ್ನು ಬಿಸುಡಬೇಡಿರೆಂದು ಬಳಿಕ ಯಾರೂ ಹೇಳಬೇಕಾಗಲಿಲ್ಲ.

ಮೊದಲ ರಾತ್ರಿ ಎರಡು ಗಂಟೆಯ ಸುಮಾರಿಗೆ ಪಕ್ಕದ ಡೇರೆಯ ಜಿಪ್ಪಿನ ಸಪ್ಪಳವಾಯಿತು. ಆ ಹನ್ನೆರಡರ ಹುಡುಗಿ ಟಾರ್ಚು ಹಚ್ಚಿ, ನೆಲ ನೋಡಿ, ಬೂಟನ್ನು ಎರಡು ಸಲ ಕೊಡವಿ, ಅಜ್ಜಿಯನ್ನು ಎಬ್ಬಿಸಿದಳು. ಅಜ್ಜಿ-ಮೊಮ್ಮಗಳು ಬೆಳಕಿನ ಹಿಂದೆ ತೋಟದ ಮನೆಗೆ ನಡೆದು, ತುಸು ಹೊತ್ತಿನಲ್ಲಿ ಮರಳಿದರು. ಮರಳಿದವರು ಕೂಡಲೇ ಮಲಗಲಿಲ್ಲ. ಡೇರೆಯ ಮುಂದೆ ನಿಂತು ಇಬ್ಬರೂ ಚುಕ್ಕೆಗಳನ್ನು ನೋಡುತ್ತಿದ್ದರು.

ಕತ್ತಲಲ್ಲಿ ಹೆಜ್ಜೆಯಿಡುವ ಕ್ರಮವನ್ನು ಆ ಹುಡುಗಿ ಕಲಿತದ್ದು ಹಿತ್ತಲಿನಲ್ಲಿ. ಈ ಲೇಖನವನ್ನು ಓದಿದ ತಂದೆತಾಯಿಗಳು ಮೊದಲು ತಮ್ಮ ಹಿತ್ತಲಿನಲ್ಲಿಯೋ ಅಂಗಳದಲ್ಲಿಯೋ ಒಂದು ರಾತ್ರಿ ಮಕ್ಕಳೊಡನೆ ಮಲಗಿ ನೋಡಲಿ. ದೂರದ ಊರಿನ ಮಾತು ಆಮೇಲೆ.