ಬಿಡಲು ಇನ್ನೂ ತಡವಾಗಿಲ್ಲ

ಮಳವಳ್ಳಿಯಿಂದ ಕೆ.ಎಂ. ದೊಡ್ಡಿ ಮಾರ್ಗವಾಗಿ ಮದ್ದೂರಿಗೆ ಹೋಗುವ ರಸ್ತೆಯಲ್ಲಿ ಎತ್ತ ನೋಡಿದರೂ ಕಬ್ಬು, ಭತ್ತದ ಗದ್ದೆಗಳು. ಊರು ಬಂದಲ್ಲೆಲ್ಲ ಒಂದು ಟೀ ಅಂಗಡಿ, ಪಕ್ಕದಲ್ಲೇ ಬೀಡಿ-ಸಿಗರೇಟಿನ ಪೆಟ್ಟಿಗೆ ಅಂಗಡಿ. ದುಡಿದು ದಣಿದವರಿಗೆ ಎರಡು ದಮ್ಮು ಎಳೆಯುವುದೇ ವಿಶ್ರಾಂತಿ.

ಈಚೆಗೆ ಆ ದಾರಿಯ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ವಯಸ್ಸಾದ ದಂಪತಿಗಳಿದ್ದರು. ಗಂಡನಿಗೆ ಗಂಟಲಿನ ಕ್ಯಾನ್ಸರ್. ಬೆಂಗಳೂರಿನಲ್ಲಿ ರೇಡಿಯೇಷನ್ ಆರಂಭವಾಗಬೇಕು. ಮದ್ದೂರಿನಲ್ಲಿ ಇಳಿದೊಡನೆ ಅವರು ಬೀಡಿ ಹಚ್ಚಿದರು. ಹೆಂಡತಿ ತಡೆದಾಗ, "ಬರೋದು ಬಂದಾಯ್ತಲ್ಲ, ಇನ್ನು ಬಿಟ್ಟು ಏನಾಗ್ಬೇಕು?" ಎಂದರು.

ಎಷ್ಟೋ ಮನೆಗಳಲ್ಲಿ ಕೇಳಿಬರುವ ಈ ಮಾತು ತಪ್ಪು. ರೇಡಿಯೇಷನ್ ಚೆನ್ನಾಗಿ ಕೆಲಸ ಮಾಡಬೇಕಾದರೆ ಗೆಡ್ಡೆಗೆ ಆಮ್ಲಜನಕ ತಲುಪಬೇಕು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗವನ್ನೇ ಆಕ್ರಮಿಸುತ್ತದೆ. ಸೇದುವವರಿಗೆ ಶಸ್ತ್ರಚಿಕಿತ್ಸೆಯ ಗಾಯ ಬೇಗ ಮಾಯುವುದಿಲ್ಲ. ಮತ್ತೊಂದು ಕ್ಯಾನ್ಸರಿನ ಅಪಾಯವೂ ಹೆಚ್ಚು. ರೋಗ ಪತ್ತೆಯಾದ ಮೇಲೆ ಬಿಟ್ಟರೂ ಆಯುಷ್ಯಕ್ಕೆ ಲಾಭವಿದೆ ಎಂಬುದನ್ನು ಅಮೆರಿಕದ ಸರ್ಜನ್ ಜನರಲ್ ಅವರ 2014ರ ವರದಿಯೂ ಹೇಳಿದೆ.

ಆದರೆ ಮನಸ್ಸು ಗಟ್ಟಿ ಮಾಡಿಕೊಂಡರಷ್ಟೇ ಸಾಲದು. ನಿಕೋಟಿನ್ ದೇಹವನ್ನೇ ಹಿಡಿದಿರುತ್ತದೆ. ಅದಕ್ಕೆಂದೇ 2002ರಲ್ಲಿ ದೇಶದ ಕೆಲವು ಕಡೆ ತಂಬಾಕು ಬಿಡಿಸುವ ಚಿಕಿತ್ಸಾಲಯಗಳು ಆರಂಭವಾದವು. ಬೆಂಗಳೂರಿನ ನಿಮ್ಹಾನ್ಸ್ ಅವುಗಳಲ್ಲಿ ಒಂದು. 1800-11-2356 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಸಲಹೆ ಸಿಗುತ್ತದೆ. ಸಿಗರೇಟು ಪ್ಯಾಕಿನ ಮೇಲೂ 2018ರಿಂದ ಈ ಸಂಖ್ಯೆ ಇದೆ.

ಮದ್ದೂರಿನಿಂದ ರೈಲಿನಲ್ಲೋ ಬಸ್ಸಿನಲ್ಲೋ ಸ್ವಲ್ಪ ಹೊತ್ತಿಗೆ ಮಂಡ್ಯ. ಅಲ್ಲಿನ ಮಿಮ್ಸ್ ಆಸ್ಪತ್ರೆಗಾಗಲಿ, ಬೆಂಗಳೂರಿನ ಕಿದ್ವಾಯಿಗಾಗಲಿ ಹೋದಾಗ "ಇವರು ಬೀಡಿ ಸೇದುತ್ತಾರೆ, ಬಿಡಿಸಲು ಸಹಾಯ ಬೇಕು" ಎಂದು ವೈದ್ಯರಿಗೆ ನೇರವಾಗಿ ಹೇಳಿ. ನಾಚಿಕೆಯಿಂದ ಮುಚ್ಚಿಡಬೇಡಿ. ಬಾಯಿ ಹುಣ್ಣಾದವರಿಗೆ ನಿಕೋಟಿನ್ ಗಮ್ ಹಿಡಿಸದಿರಬಹುದು. ಚರ್ಮಕ್ಕೆ ಅಂಟಿಸುವ ಪಟ್ಟಿಯೂ ಇದೆ. ಯಾವುದು, ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು.

ಸಹೋದರಿಯರೇ, ಬಿಟ್ಟ ಮೊದಲ ವಾರ ಬಹಳ ಕಠಿಣ. ಸಿಡುಕು, ನಿದ್ದೆಗೇಡು ಸಹಜ; ದಿನ ಕಳೆದಂತೆ ಕಡಿಮೆಯಾಗುತ್ತವೆ. "ನಿಮ್ಮಿಂದಲೇ ಈ ಗತಿ ಬಂತು" ಎಂದು ಚುಚ್ಚಿದರೆ ಅವರು ಮರೆಯಲ್ಲಿ ಸೇದುತ್ತಾರೆ. ಮನೆಯಲ್ಲಿರುವ ಬೀಡಿ, ಬೆಂಕಿಪೊಟ್ಟಣ ತೆಗೆದುಬಿಡಿ. ಸೇದುವ ಆಸೆ ಬಂದಾಗ ನೀರು ಕೊಡಿ, ಮಾತಿಗೆಳೆಯಿರಿ. ಸ್ವಲ್ಪ ಹೊತ್ತಿನಲ್ಲಿ ಅದು ಇಳಿಯುತ್ತದೆ. ರಮಝಾನಿನಲ್ಲಿ ಇಡೀ ಹಗಲು ಬೀಡಿಯಿಲ್ಲದೆ ಕಳೆದವರಿಗೆ ಆ ಶಕ್ತಿ ಇದ್ದೇ ಇದೆ. ಅದನ್ನು ಅವರಿಗೆ ನೆನಪಿಸಿ. ಒಮ್ಮೆ ಎಡವಿದರೆ ಮರುದಿನ ಮತ್ತೆ ಆರಂಭಿಸಲು ಜೊತೆ ನಿಲ್ಲಿ.