ಹಳೆಯ ಲೆಡ್ಜರ್ ಮುಚ್ಚುವ ಮುನ್ನ

ನಮ್ಮ ಬೀದಿಯ ತಿರುವಿನಲ್ಲಿ ಹೂ ಮಾರುವ ಹೆಂಗಸಿಗೆ ಒಬ್ಬನೇ ಮಗ. ಎರಡು ವರ್ಷದ ಹಿಂದೆ ಅವನು ಸರ್ಕಾರಿ ಶಾಲೆಯಲ್ಲಿ ಐದನೆಯ ತರಗತಿಯಲ್ಲಿದ್ದ. ನವೋದಯ ಶಾಲೆಯ ಪ್ರವೇಶ ಪರೀಕ್ಷೆ ಬರೆಸಿ ಎಂದು ಅವನ ಮೇಷ್ಟ್ರು ಹೇಳಿದ್ದರು. ಆಯ್ಕೆಯಾದರೆ ಆರನೆಯ ತರಗತಿಯಿಂದ ಅಲ್ಲೇ ಊಟ, ವಸತಿ, ಓದು. ಆದರೆ ಆ ಪರೀಕ್ಷೆಗೆ ಒಂದು ಮಗುವಿಗೆ ಒಂದೇ ಅವಕಾಶ. ಮರುವರ್ಷ ಮತ್ತೆ ಬರೆಯುವಂತಿಲ್ಲ. ಅರ್ಜಿಯನ್ನು ಆನ್‌ಲೈನಿನಲ್ಲೇ ತುಂಬಬೇಕು.

"ನಾನಿದ್ದೀನಲ್ಲಮ್ಮ, ಯೋಚನೆ ಬಿಡು" ಎಂದೆ. ಬಿಕಾಂ ಓದಿ, ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಒಂದು ಅರ್ಜಿ ಯಾವ ಲೆಕ್ಕ?

ಇವತ್ತು, ನಾಳೆ ಎನ್ನುತ್ತಾ ವಾರ ಕಳೆಯಿತು. ಕೊನೆಯ ದಿನದ ಸಂಜೆ ತಾಯಿ, ಮಗ ಇಬ್ಬರೂ ಬಂದು ಕುಳಿತರು. ಮುಖ್ಯೋಪಾಧ್ಯಾಯರು ಸಹಿ ಮಾಡಿದ ಪತ್ರ, ಫೋಟೊ ಎಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿದ್ದವು. ಅವನ್ನು ಕಂಪ್ಯೂಟರಿಗೆ ಸ್ಕ್ಯಾನ್ ಮಾಡಿಕೊಂಡು ಬ್ರೌಸರ್ ತೆರೆದೆ. ಬ್ರೌಸರ್ ಅಂದರೇನೆಂದು ಮಕ್ಕಳಿಗೆ ಗೊತ್ತು. ನನ್ನ ವಾರಗೆಯವರಿಗಾಗಿ ಹೇಳುತ್ತೇನೆ, ಅಂತರ್ಜಾಲದ ಪುಟಗಳನ್ನು ತೆರೆದು ತೋರಿಸುವ ತಂತ್ರಾಂಶವೇ ಬ್ರೌಸರ್.

ಪುಟ ಅರ್ಧ ಬಂದು ನಿಂತುಬಿಟ್ಟಿತು. ಮೌಸ್ ಎಷ್ಟು ಒತ್ತಿದರೂ ಉತ್ತರವಿಲ್ಲ. ನೀಲಿ ಉಂಗುರ ಗಿರಗಿರ ಸುತ್ತುತ್ತಿತ್ತು. ಹತ್ತು ನಿಮಿಷ ಕಾದೆ. ತಾಳ್ಮೆ ಕೆಟ್ಟು ಗೋಡೆಯ ಪ್ಲಗ್ಗನ್ನೇ ಕಿತ್ತೆ. ಮತ್ತೆ ಹಾಕಿ ಬ್ರೌಸರ್ ತೆರೆದರೆ, ಮೊದಲಿದ್ದ ಪುಟಗಳೆಲ್ಲ ತಾವಾಗಿ ತೆರೆದುಕೊಂಡು ಅದೇ ಕಥೆ. 'ತೆಗೆದು ಹೊಸದಾಗಿ ಹಾಕಿದರೆ ಸರಿಹೋಗುತ್ತೆ' ಎಂದು ಯಾರೋ ಹೇಳಿದ್ದು ನೆನಪಾಗಿ, ಬ್ರೌಸರನ್ನೇ ಅನ್‌ಇನ್‌ಸ್ಟಾಲ್ ಮಾಡಿದೆ.

ಅಷ್ಟು ಹೊತ್ತಿಗೆ ಮೊಮ್ಮಗಳು ಟ್ಯೂಷನ್ ಮುಗಿಸಿ ಬಂದಳು. ಅಪ್ಪನ ಫೋನಿನಲ್ಲಿ ಬ್ರೌಸರಿನ ಸೆಟಪ್ ಫೈಲ್ ಇಳಿಸಿ, ಕೇಬಲ್ ಜೋಡಿಸಿ ಕಂಪ್ಯೂಟರಿಗೆ ಹಾಕಿದಳು. ಇನ್‌ಸ್ಟಾಲ್ ಆಗಲಿಲ್ಲ. ವಿಂಡೋಸ್ 10 ಅಥವಾ ಅದಕ್ಕಿಂತ ಹೊಸದು ಬೇಕು ಎಂಬ ಉತ್ತರ ಬಂತು. ನನ್ನದು ವಿಂಡೋಸ್ 7. ಅದನ್ನು ತಯಾರಿಸಿದ ಮೈಕ್ರೋಸಾಫ್ಟ್ ಸಂಸ್ಥೆಯೇ 2020ರ ಜನವರಿ 14ಕ್ಕೆ ಅದರ ಪೋಷಣೆ ನಿಲ್ಲಿಸಿತ್ತು. ಇದ್ದ ಹಳೆಯ ಬ್ರೌಸರ್ ಕುಂಟುತ್ತಾದರೂ ನಡೆಯುತ್ತಿತ್ತು. ಅದನ್ನು ನಾನೇ ಅಳಿಸಿದ್ದೆ.

ಬ್ಯಾಂಕಿನಲ್ಲಿ ನಾನು ಹೊಸಬರಿಗೆ ಹೇಳಿಕೊಡುತ್ತಿದ್ದ ಮೊದಲ ಪಾಠವೇ ಇದು: ಹೊಸ ಲೆಡ್ಜರಿಗೆ ಬಾಕಿ ಬರೆದು, ತಾಳೆ ನೋಡಿದ ಮೇಲೆಯೇ ಹಳೆಯ ಲೆಡ್ಜರ್ ಮುಚ್ಚಬೇಕು. ಆ ಪಾಠವನ್ನು ನಾನೇ ಮರೆತಿದ್ದೆ.

ಫೋನಿನಲ್ಲೇ ಅರ್ಜಿ ತುಂಬಲು ನೋಡಿದೆವು. ಅದರಲ್ಲಿ ತೆಗೆದ ಚಿತ್ರಗಳ ಗಾತ್ರ ಹೆಚ್ಚಾಯಿತೆಂದು ಅವು ಸೇರಲಿಲ್ಲ. ಚಿತ್ರ ಕಿರಿದು ಮಾಡಲು ನನಗಾಗಲಿ ಅವಳಿಗಾಗಲಿ ಬರುತ್ತಿದ್ದುದು ಕಂಪ್ಯೂಟರಿನಲ್ಲಿ ಮಾತ್ರ. ಗಂಟೆ ಎಂಟೂವರೆ. "ಆಗಲ್ವಾ ಸಾರ್?" ಎಂದಳು ತಾಯಿ. ಹುಡುಗ ಮಾತಾಡಲಿಲ್ಲ, ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಆ ಮೌನ ನನ್ನನ್ನು ಚುಚ್ಚಿತು.

"ತಾತ, ಫೈರ್‌ಫಾಕ್ಸ್ 115 ಹಾಕೋಣ. ವಿಂಡೋಸ್ 7ರಲ್ಲಿ ನಡೆಯೋ ಕೊನೇ ಆವೃತ್ತಿ ಅಂತೆ" ಎಂದಳು ಮೊಮ್ಮಗಳು. ತಯಾರಕರ ತಾಣದಿಂದಲೇ ಇಳಿಸಿದಳು. ಇನ್‌ಸ್ಟಾಲ್ ಆಯಿತು! ಆದರೆ ಯಾವ ಪುಟ ತೆರೆದರೂ 'ಸುರಕ್ಷಿತವಲ್ಲ' ಎಂಬ ಎಚ್ಚರಿಕೆ. ಅವಳೂ ಕೈಚೆಲ್ಲಿದಳು.

ನಾನು ಕನ್ನಡಕ ಒರೆಸಿಕೊಂಡು ಪರದೆಯನ್ನು ಮೇಲಿನಿಂದ ಕೆಳಕ್ಕೆ ಒಂದೊಂದೇ ಸಾಲು ನೋಡಿದೆ, ಚೆಕ್ ನೋಡುವ ಹಾಗೆ. ಕೆಳಗಿನ ಮೂಲೆಯಲ್ಲಿ ತಾರೀಖು ಕಂಡಿತು: 2009, ಜನವರಿ 1.

ಮಕ್ಕಳೇ, ಕಂಪ್ಯೂಟರಿನೊಳಗೆ ನಾಣ್ಯದಂಥ ಒಂದು ಪುಟ್ಟ ಬ್ಯಾಟರಿ ಇರುತ್ತದೆ. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಅದೇ. ನನ್ನದರಲ್ಲಿ ಅದು ಸತ್ತಿತ್ತು. ನಾನು ಪ್ಲಗ್ ಕಿತ್ತ ಕೂಡಲೇ ಕಾಲ ಹಿಂದಕ್ಕೆ ಓಡಿತ್ತು. ಸುರಕ್ಷಿತ ಜಾಲತಾಣಗಳಿಗೆಲ್ಲ ಒಂದು ಪ್ರಮಾಣಪತ್ರ ಇರುತ್ತದೆ, ಇಂಥ ದಿನದಿಂದ ಇಂಥ ದಿನದವರೆಗೆ ಎಂದು. ಬ್ರೌಸರ್ ಅದನ್ನು ಕಂಪ್ಯೂಟರಿನ ತಾರೀಖಿನೊಂದಿಗೆ ತಾಳೆ ನೋಡುತ್ತದೆ. 2009ರಲ್ಲಿ ಕೂತ ಕಂಪ್ಯೂಟರಿಗೆ ಇಂದಿನ ಪ್ರಮಾಣಪತ್ರ ಮುಂದಿನ ತಾರೀಖಿನ ಚೆಕ್ ಇದ್ದಂತೆ. ಯಾವ ಬ್ಯಾಂಕ್ ತಾನೇ ಪಾಸು ಮಾಡೀತು?

ತಾರೀಖು ತಿದ್ದಿದೆ. ಪುಟ ತೆರೆಯಿತು. ಹುಡುಗನ ಜನ್ಮದಿನಾಂಕವನ್ನು ನಾನು ಓದಿದೆ, ಅವನು ಚೀಟಿ ನೋಡಿ ಹೌದೆಂದ. ಒಂಬತ್ತೂ ಮುಕ್ಕಾಲಿಗೆ ಅರ್ಜಿ ಸೇರಿತು.

ಮೊದಲು ಬ್ರೌಸರ್ ಯಾಕೆ ನಿಂತಿತ್ತು ಎಂಬುದನ್ನು ಮೊಮ್ಮಗಳು ಮರುದಿನ ಹೇಳಿದಳು. ನಾನು ಹದಿನಾಲ್ಕು ಟ್ಯಾಬ್ ತೆರೆದಿಟ್ಟಿದ್ದೆ, ಕಂಪ್ಯೂಟರಿನ ಮೆಮೊರಿ ಬರೀ 2 ಜಿಬಿ. ಒಂದು ಮೇಜಿನ ಮೇಲೆ ಹದಿನಾಲ್ಕು ಲೆಡ್ಜರ್ ಬಿಡಿಸಿಟ್ಟರೆ ಬರೆಯಲು ಜಾಗವೆಲ್ಲಿ? ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರಿನಲ್ಲಿ ಬ್ರೌಸರ್ ಒಂದನ್ನೇ ಮುಚ್ಚಿ, ಬೇಡದ ಟ್ಯಾಬ್ ತೆಗೆದಿದ್ದರೆ ಸಾಕಿತ್ತಂತೆ. ಪ್ಲಗ್ ಕೀಳಬೇಕಿರಲಿಲ್ಲ, ಏನನ್ನೂ ಅಳಿಸಬೇಕಿರಲಿಲ್ಲ.

ಬ್ಯಾಟರಿ ಬದಲಾಯಿಸಿದೆ. ಪೋಷಣೆಯಿಲ್ಲದ ಹಳೆಯ ವಿಂಡೋಸಿನಲ್ಲಿ ಹಣದ ವ್ಯವಹಾರ ಮಾಡಬಾರದೆಂದು ಮೊಮ್ಮಗಳ ಕಟ್ಟಪ್ಪಣೆಯಾಗಿದೆ, ಪಾಲಿಸುತ್ತಿದ್ದೇನೆ. ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಮಾಡಿದ ಕೂಡಲೇ ಅದರಲ್ಲಿ ಬರೆಯುತ್ತೇನೆ.

ಹುಡುಗ ಪರೀಕ್ಷೆ ಬರೆದ. ಸೀಟು ಸಿಗಲಿಲ್ಲ. "ಬರೆದನಲ್ಲ ಸಾರ್, ಅಷ್ಟು ಸಾಕು" ಎಂದಳು ಅವನ ತಾಯಿ. ನಾನು ವಾರವಿಡೀ ತಡ ಮಾಡಿದ್ದನ್ನು ಅವಳು ಒಮ್ಮೆಯೂ ಎತ್ತಿ ಆಡಲಿಲ್ಲ.

ಈಗ ಅವನು ಏಳನೆಯ ತರಗತಿ. ಭಾನುವಾರಗಳಲ್ಲಿ ಲೆಕ್ಕ ಕಲಿಯಲು ನಮ್ಮ ಮನೆಗೆ ಬರುತ್ತಾನೆ. ಕಂಪ್ಯೂಟರ್ ಹಾಕಿದ ಕೂಡಲೇ ಮೂಲೆಗೆ ಕಣ್ಣು ಹಾಯಿಸಿ, "ತಾರೀಖು ಸರಿ ಇದೆ ತಾತ" ಎನ್ನುತ್ತಾನೆ. ಆಮೇಲೆಯೇ ನಮ್ಮ ಪಾಠ ಶುರು.